ಲಕ್ಷದ ಮೈಲಿಗೊಂದು ಸ್ಕ್ರೀನು

“ಬರೋ ಭಾನುವಾರ ನನ್ನ ಗಾಡಿ ಎಪ್ಪತ್ತು ಮೈಲಿ ವೇಗದಲ್ಲಿ ಓಡ್ತಿರುವಾಗ ಹಿಂದಿನ ಸೀಟಿನ ಮೇಲೆ ಮೇಣದಬತ್ತಿ ಹಚ್ಚಿಟ್ಟರೂ ಆರಬಾರದು! ಆರಿದರೆ ನನ್ನ ಹೆಸರು ಲುಮಿರ್ ಕುಚೇರಾನೇ ಅಲ್ಲ!”

ಸೋಮವಾರ ಬೆಳಗಿನ ತಿಂಡಿಯ ಹೊತ್ತಿಗೆ, ಬಾಯಲ್ಲಿ ಅರ್ಧ ಮೊಟ್ಟೆ ಇಟ್ಟುಕೊಂಡೇ ಲುಮಿರ್ ಈ ಘೋರ ಪ್ರತಿಜ್ಞೆ ಮಾಡಿದ. ಎದುರಿಗೆ ಕೂತಿದ್ದ ಹೆಂಡತಿ ಲಿಬ್ಬಿ ಕಾಫಿ ಲೋಟ ಕೆಳಗಿಟ್ಟಳು.

“ಹೆಸರಿನ ಮಾತು ಆಮೇಲೆ. ಮೊದಲು ಬೆನ್ನು! ನೆಟ್ಟಗೆ ಕೂತ್ಕೋ. ಮೊಟ್ಟೆ ತಟ್ಟೆಯಲ್ಲಿದೆ, ನಿನ್ನ ಮೂಗೂ ಅಲ್ಲೇ ಇದೆ.”

ಲಿಬ್ಬಿ ಊರಿನ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಬ್ಯಾಂಡ್ ಕಲಿಸಿ ನಿವೃತ್ತಳಾದವಳು. ಬೆನ್ನು ಬಗ್ಗಿಸಿ ಕೂತ ಮಕ್ಕಳ ತುತ್ತೂರಿಯಿಂದ ಎಂಥೆಂಥ ಸ್ವರ ಹೊರಡುತ್ತದೆಂದು ಕೇಳಿ ನೊಂದವಳು. “ಬೆನ್ನು!” ಎನ್ನುವ ಮಾತು ಅವಳ ಬಾಯಿಂದ ಕೆಮ್ಮು ಬಂದ ಹಾಗೆ ತಾನಾಗಿಯೇ ಬರುತ್ತಿತ್ತು. ಲುಮಿರನೋ, ಮೂವತ್ತನಾಲ್ಕು ವರ್ಷ ಹಳ್ಳಿಗಾಡಿನ ಅಂಚೆಯವನಾಗಿ, ಕಾರಿನ ಕಿಟಕಿಯಿಂದ ಬಗ್ಗಿ ಬಗ್ಗಿ ರಸ್ತೆಬದಿಯ ಡಬ್ಬಿಗಳಿಗೆ ಕಾಗದ ತುರುಕಿದವನು. ಅವನು ಪಿಂಚಣಿ ತಗೊಂಡರೂ ಅವನ ಬೆನ್ನು ಮಾತ್ರ ಇನ್ನೂ ಕೆಲಸ ಬಿಟ್ಟಿರಲಿಲ್ಲ. ಊಟದ ಮೇಜಿನಲ್ಲಿ, ಚರ್ಚಿನ ಬೆಂಚಿನಲ್ಲಿ, ಟೀವಿಯ ಮುಂದೆ ದಿನಕ್ಕೆ ಹತ್ತು ಸಲ ಕೇಳುವ “ಬೆನ್ನು!” ಅವನ ಕಿವಿಗೆ ಗೋಡೆ ಗಡಿಯಾರದ ಟಿಕ್‌ಟಿಕ್ ಆಗಿಹೋಗಿತ್ತು.

ಮೇಣದಬತ್ತಿಯ ಮಾತು ಬಂದದ್ದಕ್ಕೆ ಕಾರಣವಿದೆ. ಇವರಿರುವುದು ನೆಬ್ರಾಸ್ಕಾದಲ್ಲಿ. ಅಲ್ಲಿ ಹಿತ್ತಿಲಲ್ಲಿ ಒಗೆದು ಹಾಕಿದ ಬಟ್ಟೆ ಒಣಗುವುದು ಪಕ್ಕದ ಊರಿನಲ್ಲಿ! ಅಂಥ ಗಾಳಿಯಲ್ಲಿ ಗಂಡಹೆಂಡತಿ ಹನ್ನೊಂದು ವರ್ಷದಿಂದ ಮರೂನ್ ಬಣ್ಣದ ಒಂದು ದೊಡ್ಡ ಪ್ರವಾಸದ ಬೈಕಿನ ಮೇಲೆ ಊರೂರು ಸುತ್ತಿದ್ದರು. ಹೋದ ತಿಂಗಳು ಏಳು ಗಂಟೆಯ ಸವಾರಿ ಮುಗಿಸಿ ಇಳಿದ ಲಿಬ್ಬಿ, ಹೆಲ್ಮೆಟ್ ತೆಗೆದು, ಗಿರಗಿರ ತಿರುಗುತ್ತಿದ್ದ ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ತೀರ್ಪು ಕೊಟ್ಟಿದ್ದಳು.

“ಗಾಳಿ ನನ್ನ ತಲೆಯನ್ನ ಏಳು ಗಂಟೆ ಡೋಲು ಬಡಿದ ಹಾಗೆ ಬಡೀತು ಲುಮಿರ್. ಇದನ್ನ ಸರಿಮಾಡು. ಇಲ್ಲದಿದ್ರೆ ಇನ್ನು ಮೇಲೆ ನಾನು ಡೆಲೋರಿಸ್ ಜೊತೆ ವ್ಯಾನಿನಲ್ಲಿ ಬರ್ತೀನಿ. ಅದರಲ್ಲಿ ಏಸಿ ಇದೆ. ಲೋಟ ಇಡೋಕೆ ಜಾಗವೂ ಇದೆ.”

ವ್ಯಾನು! ಗೆಳೆಯನ ಹೆಂಡತಿ ಸವಾರರ ಸಾಲಿನ ಹಿಂದೆ ಓಡಿಸಿಕೊಂಡು ಬರುವ ಆ ವ್ಯಾನಿನಲ್ಲಿ ಲಿಬ್ಬಿಯನ್ನು ಲುಮಿರ್ ಊಹಿಸಿಕೊಳ್ಳಲೂ ಒಪ್ಪಲಿಲ್ಲ. ಗಾಡಿಯ ಮೀಟರು ತೊಂಬತ್ತೊಂಬತ್ತು ಸಾವಿರದ ಆರುನೂರ ನಲವತ್ತು ಮೈಲಿ ತೋರಿಸುತ್ತಿತ್ತು. ಅವರ ಸವಾರರ ಸಂಘದಲ್ಲಿ ಒಂದು ಪದ್ಧತಿಯಿದೆ. ಸಂಘದ ಸವಾರಿಯಲ್ಲಿ ಯಾರದಾದರೂ ಗಾಡಿ ಲಕ್ಷ ಮೈಲಿ ಮುಟ್ಟಿದರೆ ಸಾಲಿಗೆ ಸಾಲೇ ರಸ್ತೆಬದಿ ನಿಂತು ಹಾರನ್ ಹೊಡೆಯುತ್ತದೆ. ಆಮೇಲೆ ಕೆರೆದಂಡೆಯಲ್ಲಿ ಊಟ, ಕೇಕು. ಆ ಗಳಿಗೆಯಲ್ಲಿ ಗಾಡಿಯ ಮೇಲೆ ಯಾರಿದ್ದರೋ ಕೇಕಿನ ಮೇಲೆ ಅವರದೇ ಹೆಸರು. ಲುಮಿರ್ ಭಾನುವಾರದ ಸವಾರಿಗೆ ಸರಿಯಾಗಿ ಲಕ್ಷ ಬರುವಂತೆ ಹೊಂಚು ಹಾಕಿದ್ದ. ಮೊದಲ ಮೈಲಿಯಲ್ಲಿ ಅಂಗಡಿಯಿಂದ ಗಾಡಿ ಹೊರಬರುವಾಗ ಅವಳ ಮೊಣಕಾಲು ಅವನ ಪಕ್ಕೆಗೆ ಒತ್ತಿಕೊಂಡಿತ್ತು. ಲಕ್ಷದ ಮೈಲಿಯಲ್ಲಿ ಆ ಮೊಣಕಾಲು ಅಲ್ಲಿಲ್ಲದಿದ್ದರೆ ಅವನಿಗೆ ಆ ಲಕ್ಷ ಬೇಡವೇ ಬೇಡ. ಇದನ್ನು ಬಾಯಿಬಿಟ್ಟು ಹೇಳಲು ಅವನಿಗೆ ಬರುತ್ತಿರಲಿಲ್ಲ. ಅದಕ್ಕೇ ಮೇಣದಬತ್ತಿಯ ಮಾತಾಡಿದ.

ಗಾಡಿಯ ಮೂತಿಯ ಮೇಲೆ ಗಾಳಿ ತಡೆಯಲು ನಿಲ್ಲಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಲಗೆಗೆ ಸ್ಕ್ರೀನು ಎನ್ನುತ್ತಾರೆ. ಕಂಪನಿ ಕೊಟ್ಟ ಸ್ಕ್ರೀನನ್ನು ಒಪ್ಪಿಕೊಂಡ ಸವಾರ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಎಲ್ಲರೂ ಬೇರೆಯದನ್ನು ತಂದು ಹಾಕುತ್ತಾರೆ, ಅದನ್ನೂ ಬಯ್ದು ಬಿಚ್ಚಿಡುತ್ತಾರೆ. ಲುಮಿರ್ ಅವತ್ತೇ ಮಧ್ಯಾಹ್ನ ಗೆಳೆಯ ವೊಂದ್ರಾನ ಗ್ಯಾರೇಜಿಗೆ ಓಡಿದ. ಅಲ್ಲಿ ಸಂಘದ ಹನ್ನೊಂದು ಜನ ಮಡಚುವ ಕುರ್ಚಿಗಳಲ್ಲಿ ಕೂತು ಕಾಫಿ ಕುಡಿಯುತ್ತ, ಗಾಳಿಯ ಬಗ್ಗೆ ಹನ್ನೆರಡು ಅಭಿಪ್ರಾಯ ಕೊಡುತ್ತಿದ್ದರು.

“ಗಿಡ್ಡ ಸ್ಕ್ರೀನು ಹಾಕು, ಗಾಳಿ ಶುದ್ಧವಾಗಿ ಬರುತ್ತೆ!” ಎಂದ ಒಬ್ಬ.

“ಎತ್ತರದ್ದು ಹಾಕು, ಗಾಳಿ ಬರೋದೇ ಇಲ್ಲ!” ಎಂದ ಇನ್ನೊಬ್ಬ.

ವೊಂದ್ರಾ ಎದ್ದು ಹೋಗಿ ಅಟ್ಟದಿಂದ ಒಂದು ಸ್ಕ್ರೀನನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬಂದ.

“ಇದನ್ನ ಹಾಕ್ಕೊಂಡ್ರೆ ಗಾಳಿ ನಿನ್ನ ಹತ್ರ ಸುಳಿಯೋಕೂ ಹೆದರುತ್ತೆ ಕಣಯ್ಯಾ! ನಿನಗೋಸ್ಕರ ಕೊಡ್ತಿದ್ದೀನಿ.”

“ಅಷ್ಟು ಒಳ್ಳೇದಾದ್ರೆ ನೀನ್ಯಾಕೆ ಬಿಚ್ಚಿ ಅಟ್ಟಕ್ಕೆ ಹಾಕಿದ್ದೆ?”

ಈ ಪ್ರಶ್ನೆಗೆ ಗ್ಯಾರೇಜಿನಲ್ಲಿದ್ದ ಅಷ್ಟೂ ಜನ ಒಟ್ಟಿಗೆ ಕಾಫಿ ಹೀರಿದರು.

ಸ್ಕ್ರೀನಿನ ಮೂಲೆಯಲ್ಲಿ ಕಾಗದದ ಟೇಪಿನ ಮೇಲೆ ‘ವೊಂದ್ರಾ’ ಎಂದು ಬರೆದಿತ್ತು. ಸಂಘದಲ್ಲಿ ಯಾವ ಸಾಮಾನು ಯಾರದೆಂದು ತಿಳಿಯಲು ಹಾಗೆ ಅಂಟಿಸುತ್ತಾರೆ. ಮನೆಗೆ ತಂದು ತೊಳೆಯುವಾಗ ಟೇಪು ಕಿತ್ತುಬಂತು. ಕೆಳಗೆ ಇನ್ನೊಂದು ಟೇಪು, ಇನ್ನೊಂದು ಹೆಸರು. ಅದನ್ನು ಕಿತ್ತರೆ ಮತ್ತೊಂದು! ಈರುಳ್ಳಿ ಸುಲಿದಂತೆ ಐದು ಹೆಸರು ಸುಲಿದ ಮೇಲೆ, ತಳದಲ್ಲಿ ಹಳದಿ ತಿರುಗಿದ ಟೇಪಿನ ಮೇಲೆ ಅವನದೇ ಕೈಬರಹದಲ್ಲಿ ‘ಲುಮಿರ್ ಕುಚೇರಾ’ ಎಂದಿತ್ತು! ಒಂಬತ್ತು ವರ್ಷದ ಹಿಂದೆ ಬೇಸತ್ತು ಬಿಚ್ಚಿ, “ಗಾಳಿ ನಿನ್ನ ಹತ್ರ ಸುಳಿಯೋಕೂ ಹೆದರುತ್ತೆ ಕಣಯ್ಯಾ” ಎಂದು ಯಾರದೋ ತಲೆಗೆ ಕಟ್ಟಿದವನು ತಾನೇ ಎಂಬುದು ಅವನಿಗೆ ನಿಧಾನವಾಗಿ ನೆನಪಾಯಿತು.

ಆದರೂ ಲುಮಿರ್ ಸೋಲೊಪ್ಪುವ ಆಸಾಮಿಯಲ್ಲ. ಮಂಗಳವಾರ ಬೆಳಗ್ಗೆ ಅದನ್ನೇ ಹಾಕಿ ಪರೀಕ್ಷೆಗೆ ಹೊರಟ.

“ಬಾ ಲಿಬ್ಬಿ, ಹಿಂದೆ ಕೂತು ನೋಡು.”

“ಸರಿಯಾದ ಮೇಲೆ ಕರಿ. ನನ್ನ ಕತ್ತೇನು ಪ್ರಯೋಗಶಾಲೆಯಾ?”

ಹಿಂದಿನ ಸೀಟಿನ ಗಾಳಿಯನ್ನು ಅಳೆಯಬೇಕಾದರೆ ಅಲ್ಲೊಂದು ತಲೆ ಬೇಕಲ್ಲ! ಲುಮಿರ್ ಮನೆಯೆಲ್ಲ ಹುಡುಕಿದ. ಕೊನೆಗೆ ಲಿಬ್ಬಿಯ ಹಳೆಯ ಟ್ಯೂಬಾ ಪೆಟ್ಟಿಗೆ ಕಣ್ಣಿಗೆ ಬಿತ್ತು. ಬ್ಯಾಂಡಿನಲ್ಲಿ ಎಲ್ಲಕ್ಕಿಂತ ದಪ್ಪ ವಾದ್ಯದ ಪೆಟ್ಟಿಗೆ ಅದು. ಮೇಲೆ ಸಪೂರ, ಕೆಳಗೆ ವಿಶಾಲ. ಅದನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದ. ಅದಕ್ಕೆ ಲಿಬ್ಬಿಯ ಜಾಕೆಟ್ ತೊಡಿಸಿದ. ಮೇಲೆ ಅವಳ ಹೆಲ್ಮೆಟ್ ಕೂರಿಸಿದ. ಗಾಳಿ ಎತ್ತ ಬೀಸುತ್ತದೆಂದು ಕಾಣಲಿ ಎಂದು ಹೆಲ್ಮೆಟ್ಟಿನ ಸುತ್ತ ಗುಲಾಬಿ ಉಣ್ಣೆಯ ಎಳೆಗಳನ್ನು ಅಂಟಿಸಿದ. ಎಳೆ ಸುಮ್ಮನೆ ಜೋತುಬಿದ್ದರೆ ಗೆದ್ದಂತೆ, ಹಾರಾಡಿದರೆ ಸೋತಂತೆ. ಕನ್ನಡಿಯಲ್ಲಿ ನೋಡುತ್ತ ಹೆದ್ದಾರಿಗೆ ಬಿದ್ದ.

ಎಳೆಗಳು ಹಾರಾಡಲಿಲ್ಲ, ಕುಣಿದವು! ಬುಧವಾರ ಇನ್ನೊಬ್ಬರ ಅಟ್ಟದಿಂದ ಬಂದ ಗಿಡ್ಡ ಸ್ಕ್ರೀನು ಹಾಕಿದ. ಮತ್ತೂ ಕುಣಿದವು. ಗುರುವಾರ ಮೂರನೆಯದು. ಅದರಲ್ಲಿ ಎಳೆಗಳು ಕುಣಿದದ್ದಷ್ಟೇ ಅಲ್ಲ, ಸ್ಕ್ರೀನೇ ಶಂಖದ ಹಾಗೆ ಊದತೊಡಗಿತು. ಲುಮಿರ್ ಗಾಳಿಗೆ ತಲೆ ತಗ್ಗಿಸಿ, ಬೆನ್ನು ಬಗ್ಗಿಸಿ, ಕನ್ನಡಿಗೆ ಕಣ್ಣು ನೆಟ್ಟು, ಮೂರು ದಿನದಲ್ಲಿ ಮುನ್ನೂರಕ್ಕೂ ಹೆಚ್ಚು ಮೈಲಿ ಓಡಿಸಿದ.

ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮೊದಲು ಡೆಲೋರಿಸ್. ಅವಳು ವೊಂದ್ರಾನ ಹೆಂಡತಿ, ಏಸಿ ವ್ಯಾನಿನ ಒಡತಿ.

“ಲಿಬ್ಬಿ, ಹೇಳಬಾರದು ಅಂದ್ಕೊಂಡಿದ್ದೆ ಕಣೇ, ಆದ್ರೂ ತಡೆಯೋಕಾಗ್ಲಿಲ್ಲ. ನಿನ್ನ ಲುಮಿರ್ ಹಿಂದೆ ಯಾವಳೋ ಕೂತಿದ್ಲು. ಗುಲಾಬಿ ಕೂದಲು. ನಿನ್ನದೇ ಜಾಕೆಟ್ ಬೇರೆ!”

ಆಮೇಲೆ ಚರ್ಚಿನ ಅಡುಗೆಮನೆಯಿಂದ ಒಬ್ಬರು. “ಸೊಂಟ ಸ್ವಲ್ಪ ಜೋರಾಗೇ ಇದೆ” ಎಂದರು. ಮೂರನೆಯವರು ಅಂಚೆ ಕಚೇರಿಯಿಂದ. “ಅವಳು ಇವನನ್ನ ಮುಟ್ಟೂ ಇರಲಿಲ್ಲ ಲಿಬ್ಬಿ. ಕಂಬದ ಹಾಗೆ ನೆಟ್ಟಗೆ ಕೂತಿದ್ಲು.”

ಗುರುವಾರ ಸಂಜೆ ಲುಮಿರ್ ಗಾಡಿ ನಿಲ್ಲಿಸುವಾಗ ಲಿಬ್ಬಿ ಗ್ಯಾರೇಜಿನ ಬಾಗಿಲಲ್ಲೇ ನಿಂತಿದ್ದಳು.

“ಊರಲ್ಲೆಲ್ಲ ನಿನ್ನ ಹೊಸ ಗೆಳತಿಯದೇ ಮಾತು.”

“ಯಾರು? ಓ, ಇವಳಾ! ಅಲ್ಲ, ಇದಾ! ಲಿಬ್ಬಿ, ಇದು ಟ್ಯೂಬಾ!”

“ಗೊತ್ತು. ನನಗೆ ಬೇಜಾರಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರಾದ್ರೂ ನೆಟ್ಟಗೆ ಕೂತಿದ್ರಲ್ಲ.”

ನಗಬೇಕೆಂದಿದ್ದ ಲುಮಿರನ ಕಣ್ಣು ಮೀಟರಿನ ಮೇಲೆ ಬಿತ್ತು. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ಎಪ್ಪತ್ತೆರಡು! ಉಳಿದದ್ದು ಇಪ್ಪತ್ತೆಂಟೇ ಮೈಲಿ. ಕೆರೆಗೆ ನಲವತ್ತೈದು. ಇನ್ನೊಂದು ಪರೀಕ್ಷೆಗೆ ಹೋದರೆ ಲಕ್ಷದ ಮೈಲಿ ಟ್ಯೂಬಾ ಪೆಟ್ಟಿಗೆಯ ಜೊತೆಯಲ್ಲೇ ಆಗಿಹೋಗುತ್ತದೆ. ಕೇಕಿನ ಮೇಲೆ ‘ಲುಮಿರ್ ಮತ್ತು ಟ್ಯೂಬಾ’!

ಒಂದೇ ದಾರಿ ಉಳಿದಿತ್ತು. ಪಕ್ಕದ ಪಟ್ಟಣದಲ್ಲಿ ಆರ್ಡೆಲ್ ಎಂಬ ಪ್ಲಾಸ್ಟಿಕ್ ಕೆಲಸಗಾರನಿದ್ದ. ಸವಾರನ ಮೈ ಅಳತೆಗೆ ಸ್ಕ್ರೀನು ಕತ್ತರಿಸಿ ಕೊಡುವವನು. ಅವನು ಫೋನಿನಲ್ಲಿ ಹೇಳಿದ್ದು ಇಷ್ಟೇ: “ಗಾಡಿ ಮೇಲೆ ಕೂತ್ಕೊಳ್ಳಿ, ದಿನಾ ಓಡಿಸುವಾಗ ಹೇಗೆ ಕೂರ್ತೀರೋ ಹಾಗೇ. ಸ್ಕ್ರೀನಿನ ತುದಿ ಮೂಗಿನ ಮಟ್ಟಕ್ಕೆ ಬರಬೇಕು. ಅದರ ಮೇಲಿಂದ ರಸ್ತೆ ನೋಡಬೇಕು. ಮೂಗಿನ ಎತ್ತರ ಹೇಳಿ, ಶನಿವಾರ ತಂದು ಕೊಡ್ತೀನಿ.”

ಲಿಬ್ಬಿ ಹೊಲಿಗೆಯ ಅಳತೆಪಟ್ಟಿ ಹಿಡಿದು ಬಂದಳು. ಲುಮಿರ್ ಗಾಡಿ ಏರಿದ. ಅಳತೆ ತೆಗೆಯುತ್ತಾರೆಂದರೆ ಯಾವ ಗಂಡಸು ತಾನೇ ಸುಮ್ಮನೆ ಕೂರುತ್ತಾನೆ? ಹೊಟ್ಟೆ ಒಳಕ್ಕೆ ಹೋಯಿತು, ಎದೆ ಹೊರಕ್ಕೆ ಬಂತು, ಗದ್ದ ಮೇಲೇರಿತು. ಕುದುರೆ ಏರಿದ ಸೇನಾಪತಿಯ ಪ್ರತಿಮೆಯೊಂದು ಗ್ಯಾರೇಜಿನಲ್ಲಿ ಪ್ರತ್ಯಕ್ಷವಾಯಿತು!

ಲಿಬ್ಬಿ ಅಳತೆಪಟ್ಟಿ ಇಳಿಬಿಟ್ಟು ಅವನನ್ನೇ ನೋಡಿದಳು.

“ನೀನು ಓಡಿಸುವಾಗ ಹೀಗೆ ಕೂರ್ತೀಯಾ?”

“ಯಾವಾಗಲೂ!” ಎಂದ ಲುಮಿರ್, ಉಸಿರು ಬಿಗಿಹಿಡಿದು.

“ಯಾವಾಗಲೂ?”

“ಹಿಂದೆ ಕೂರೋಳಿಗೆ ಹೇಗೆ ಗೊತ್ತಾಗಬೇಕು? ಬರ್ಕೋ ಬೇಗ!” ಎಂದ. ಅವನ ಉಸಿರು ಮುಗಿಯುತ್ತ ಬಂದಿತ್ತು.

ಅವಳು ಬರೆದುಕೊಂಡಳು. ತುಟಿಯ ಕೊನೆಯಲ್ಲಿ ಒಂದು ನಗು ಸುಳಿಯಿತು.

ಭಾನುವಾರ ಬೆಳಗ್ಗೆ ಗಾಡಿಯ ಮೇಲೆ ಹೊಸ ಸ್ಕ್ರೀನು ಅರಮನೆಯ ಕಿಟಕಿಯ ಹಾಗೆ ಹೊಳೆಯುತ್ತಿತ್ತು. ಲಿಬ್ಬಿ ಕೊಲಾಚಿಯ ಡಬ್ಬಿ ಹಿಡಿದು ಬಂದಳು. ನಡುವೆ ಏಪ್ರಿಕಾಟ್ ಹಣ್ಣಿನ ಪಾಕ ತುಂಬಿದ ಆ ಮೆತ್ತನೆಯ ಬನ್ನುಗಳಿಲ್ಲದೆ ಕುಚೇರಾ ಮನೆಯವರು ಯಾವ ಕೂಟಕ್ಕೂ ಹೋಗುವುದಿಲ್ಲ. ಎಲ್ಲರೂ ಮಾಡುವಂತೆ ಡಬ್ಬಿಯ ಮೇಲೆ ಕಾಗದದ ಟೇಪು ಅಂಟಿಸಿ ಏನೋ ಬರೆದಿದ್ದಳು. ಹಿಂದೆ ಏರಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಲ್ಮೆಟ್ಟಿನ ಮೈಕಿನಲ್ಲಿ ಹೇಳಿದಳು.

“ಹತ್ತು ಮೈಲಿ ಲುಮಿರ್. ಹತ್ತು ಮೈಲಿಯಲ್ಲಿ ನನ್ನ ತಲೆ ಅಲ್ಲಾಡಿದ್ರೆ ಗಾಡಿ ನಿಲ್ಲಿಸು. ಡೆಲೋರಿಸ್ ವ್ಯಾನು ಹಿಂದೇನೇ ಬರ್ತಿದೆ.”

ಹದಿನಾಲ್ಕು ಗಾಡಿಗಳ ಸಾಲು ಹೊರಟಿತು. ಜೋಳದ ಹೊಲಗಳ ನಡುವಿನ ನೇರ ರಸ್ತೆ. ಗಾಳಿ ಎದುರಿನಿಂದ ಬುಸುಗುಡುತ್ತ ಬಂತು. ಲುಮಿರ್ ವೇಗ ಹೆಚ್ಚಿಸಿ, ಸೀಟಿನಲ್ಲಿ ತನ್ನ ಎಂದಿನ ಭಂಗಿಗೆ ಇಳಿದ.

ಇಳಿದವನಿಗೆ ರಸ್ತೆಯೇ ಮಾಯ! ಸ್ಕ್ರೀನಿನ ಅಂಚು ಸರಿಯಾಗಿ ಅವನ ಎರಡು ಕಣ್ಣಿಗೆ ಅಡ್ಡ ಬಂದಿತ್ತು. ಹೊಲದಲ್ಲಿ ಮೇಯುತ್ತಿದ್ದ ಹಸುವಿನ ಮೇಲಿನ ಅರ್ಧ ಒಂದು ಕಡೆ, ಕಾಲುಗಳು ಇನ್ನೊಂದು ಕಡೆ. ಮುಂದಿದ್ದ ವೊಂದ್ರಾನಿಗೆ ಎರಡು ತಲೆ. ಇನ್ನೂ ಕುಗ್ಗಿ ಪ್ಲಾಸ್ಟಿಕ್ಕಿನ ಒಳಗಿಂದ ನೋಡೋಣವೆಂದರೆ, ಜೂನ್ ತಿಂಗಳ ಹುಳುಗಳು ಆಗಲೇ ಪಟಪಟ ಬಡಿದು ಅಲ್ಲೆಲ್ಲ ಸಾರಿಸಿಬಿಟ್ಟಿದ್ದವು. ವಿಧಿಯಿಲ್ಲದೆ ಹೊಟ್ಟೆ ಒಳಕ್ಕೆಳೆದ, ಎದೆ ಉಬ್ಬಿಸಿದ, ಗದ್ದ ಎತ್ತಿದ. ಗ್ಯಾರೇಜಿನ ಸೇನಾಪತಿ ಹೆದ್ದಾರಿಯಲ್ಲಿ ಎದ್ದು ಕೂತ!

ಐದು ಮೈಲಿ. ಹಿಂದಿನಿಂದ ಒಂದು ಮಾತಿಲ್ಲ. ಎಂಟು ಮೈಲಿ. ಮಾತಿಲ್ಲ.

“ಲಿಬ್ಬಿ? ಗಾಳಿ ಹೇಗಿದೆ?”

ಉತ್ತರವಿಲ್ಲ. ಸಿಟ್ಟು ಬಂದಿದೆ! ಹಲ್ಲು ಕಚ್ಚಿ ಕೂತಿದ್ದಾಳೆ! ಲುಮಿರ್ ಒಳಗೊಳಗೇ ಬೆವರಿದ. ಹತ್ತನೆಯ ಮೈಲಿ ಬಂತು, ಹೋಯಿತು. ಅವನು ನಿಲ್ಲಿಸಲಿಲ್ಲ, ಅವಳು ನಿಲ್ಲಿಸು ಎನ್ನಲಿಲ್ಲ. ಹದಿನೈದಕ್ಕೆ ಮೂವತ್ತನಾಲ್ಕು ವರ್ಷದ ಅಂಚೆಯ ಬೆನ್ನು ಮುಷ್ಕರ ಹೂಡಿತು. ಒಂದು ಗಳಿಗೆ ಕುಗ್ಗಿದ.

ಟಪ್! ಲಿಬ್ಬಿಯ ಹೆಲ್ಮೆಟ್ಟು ಅವನ ಹೆಲ್ಮೆಟ್ಟಿಗೆ ಬಡಿಯಿತು. “ಲುಮಿರ್!”

ಹಸುವಿಗೆ ಕಾಲು ಬೇರೆಯಾದದ್ದನ್ನು ಕಂಡು ಅವನು ಬೆಚ್ಚಿ ನೆಟ್ಟಗಾದ. ಹಿಂದೆ ಮತ್ತೆ ಮೌನ. ಇಪ್ಪತ್ತಕ್ಕೆ ಮತ್ತೆ ಕುಗ್ಗಿದ, ಮತ್ತೆ ಟಪ್! ಇಪ್ಪತ್ತಮೂರಕ್ಕೆ ಇನ್ನೊಮ್ಮೆ. ಲುಮಿರನಿಗೆ ಇದರ ಮರ್ಮವೇನೂ ಹೊಳೆಯಲಿಲ್ಲ. ಅಡ್ಡಗಾಳಿ ಎಂದುಕೊಂಡ. ಕಣ್ಣು ಮೀಟರಿಗೂ ಕನ್ನಡಿಗೂ ಹಾರುತ್ತಿತ್ತು. ಕನ್ನಡಿಯಲ್ಲಿ ಆ ಹಾಳು ವ್ಯಾನು. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೇಳು. ತೊಂಬತ್ತೆಂಟು. ಇಳಿಯಬೇಡ ಲಿಬ್ಬಿ, ಇನ್ನೆರಡು ಮೈಲಿ, ಇಳಿಯಬೇಡ!

ಬಂತು! ಒಂದರ ಹಿಂದೆ ಐದು ಸೊನ್ನೆ!

“ಲಕ್ಷ!” ಲುಮಿರ್ ಗಂಟಲು ಹರಿಯುವಂತೆ ಕಿರುಚಿದ. “ಲಿಬ್ಬಿ, ಲಕ್ಷ! ಇದ್ದೀಯಾ? ಮಾತಾಡೇ!”

ಅವಳ ಮೊಣಕಾಲುಗಳು ಅವನ ಪಕ್ಕೆಗೆ ಗಟ್ಟಿಯಾಗಿ ಒತ್ತಿಕೊಂಡವು. ಕಿವಿಯಲ್ಲಿ ಲೊಚಲೊಚ ಸದ್ದು, ಆಮೇಲೆ ಮಾತು.

“ಇರು, ನುಂಗ್ತೀನಿ. ಬಾಯಿ ತುಂಬಿತ್ತು.”

“ಏನು?”

“ಕೊಲಾಚಿ. ನಾಲ್ಕನೇದು. ಎಂಟನೇ ಮೈಲಿಯಿಂದ ಹೆಲ್ಮೆಟ್ ಗಾಜು ಎತ್ತಿಟ್ಟುಕೊಂಡು ತಿಂತಿದ್ದೀನಿ. ಒಂದು ಚೂರೂ ಹಾರಿಲ್ಲ ಕಣೋ!”

ಗಾಡಿಗಳೆಲ್ಲ ರಸ್ತೆಬದಿ ನಿಂತವು. ಹದಿನಾಲ್ಕು ಹಾರನ್ನುಗಳು, ಜೊತೆಗೆ ವ್ಯಾನಿನದೂ. ಹಸುಗಳು ಇಡಿಯಾಗಿಯೇ ತಲೆಯೆತ್ತಿ ನೋಡಿದವು. ಲುಮಿರನ ಕಣ್ಣು ತುಂಬಿ ಬಂತು. ಹೆಲ್ಮೆಟ್ ತೆಗೆಯಲಿಲ್ಲ.

ಕೆರೆದಂಡೆ ಸೇರುವ ಹೊತ್ತಿಗೆ ಕಣ್ಣೀರು ಆರಿ, ಜಂಬ ಮೊಳೆತಿತ್ತು. ಸಂಘದವರೆಲ್ಲ ಸ್ಕ್ರೀನಿನ ಸುತ್ತ ನೆರೆದರು.

“ಎಲ್ಲಾ ಅಳತೆಯಲ್ಲಿದೆ!” ಲುಮಿರ್ ಭಾಷಣ ಶುರುಮಾಡಿದ. “ನೀವು ಅಟ್ಟದ ಕಸ ಕೊಡ್ತೀರಿ, ನಾನು ವಿಜ್ಞಾನ ಹಿಡಿದೆ! ಕೂದಲೆಳೆ ವ್ಯತ್ಯಾಸವಿಲ್ಲದೆ...”

ಅಷ್ಟರಲ್ಲಿ ವೊಂದ್ರಾ ಗಾಡಿ ಏರಿ ಕೂತಿದ್ದ.

“ಏನು ವಿಜ್ಞಾನವಯ್ಯಾ ಇದು? ಅಂಚು ಸರಿಯಾಗಿ ಕಣ್ಣಿಗೇ ಅಡ್ಡ ಬರುತ್ತೆ! ನೀನೂ ನಾನೂ ಒಂದೇ ಎತ್ತರ. ಇದರಲ್ಲಿ ನೀನು ಓಡಿಸಿದ್ದಾದ್ರೂ ಹೇಗೆ?”

ಲುಮಿರ್ ಬಾಯಿ ತೆರೆದ. ಅವನಿಗಿಂತ ಮೊದಲು ಮಾತು ಬಂದದ್ದು ಲಿಬ್ಬಿಗೆ.

“ನೆಟ್ಟಗೆ ಕೂತು! ಅಳತೆ ಕೊಡುವಾಗ ಜಂಬಕ್ಕೆ ಎದೆ ಉಬ್ಬಿಸಿದ್ದ. ಈಗ ಓಡಿಸುವಾಗಲೂ ಉಬ್ಬಿಸಲೇಬೇಕಾಯ್ತು. ದಾರಿಯಲ್ಲಿ ಮೂರು ಸಲ ಕುಗ್ಗಿದ, ಮೂರು ಸಲವೂ ಗಾಳಿ ಇವನ ತಲೆ ಮೇಲಿಂದ ಹಾರಿ ಬಂದು ನನ್ನ ತಲೆಗೆ ಬಡೀತು. ನೆಟ್ಟಗಾದ, ಗಾಳಿ ನಿಂತೇ ಹೋಯ್ತು. ಸ್ಕ್ರೀನು ನನ್ನ ಮುಂದೆ ಹನ್ನೊಂದು ವರ್ಷದಿಂದಲೂ ಇತ್ತು ಕಣ್ರೋ. ಅದನ್ನ ನೆಟ್ಟಗೆ ನಿಲ್ಲಿಸೋಕೆ ನನ್ನ ಕೈಲಿ ಆಗಿರಲಿಲ್ಲ ಅಷ್ಟೇ!”

ಕೆರೆದಂಡೆ ನಗೆಯಿಂದ ಅದುರಿತು. ಕೇಕು ಬಂತು. ಮೇಲೆ ‘ಲುಮಿರ್ ಮತ್ತು ಲಿಬ್ಬಿ, ಒಂದು ಲಕ್ಷ’ ಎಂದಿತ್ತು, ನಡುವೆ ಒಂದು ಮೇಣದಬತ್ತಿ. ಡೆಲೋರಿಸ್ ಹಚ್ಚಿದಳು, ಗಾಳಿ ಆರಿಸಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಲಿಬ್ಬಿ ಗಂಡನ ತೋಳು ಹಿಡಿದೆಳೆದು ಕೇಕಿನ ಮುಂದೆ, ಗಾಳಿಗೆದುರಾಗಿ ನಿಲ್ಲಿಸಿದಳು.

“ಬೆನ್ನು!”

ಮೂವತ್ತೆರಡು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಆ ಮಾತು ಲುಮಿರನ ಕಿವಿಯನ್ನು ದಾಟಿ ಒಳಕ್ಕೆ ಹೋಯಿತು. ಅವನು ನೆಟ್ಟಗೆ ನಿಂತ. ಹಿಂದೆ ಮೇಣದಬತ್ತಿ ಅಲುಗಾಡದೆ ಉರಿಯಿತು. ಅವನ ಹೆಸರು ಉಳಿಯಿತು!

“ಈ ಸ್ಕ್ರೀನು ಚೆನ್ನಾಗಿದೆ. ನಮಗೂ ಒಂದು ವಾರ ಕೊಡ್ತೀಯಾ?” ಎಂದಳು ಡೆಲೋರಿಸ್, ಲುಮಿರನತ್ತ ಬೆರಳು ಮಾಡಿ.

ಲಿಬ್ಬಿ ಕೊಲಾಚಿ ಡಬ್ಬಿಯ ಮೇಲಿದ್ದ ಟೇಪನ್ನು ಸರಕ್ಕನೆ ಕಿತ್ತು ಲುಮಿರನ ಬೆನ್ನಿಗೆ ಅಂಟಿಸಿ, ಅಂಗೈಯಿಂದ ಗಟ್ಟಿಯಾಗಿ ತಟ್ಟಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆನ್ನು ತಿರುಗಿಸಿದರೆ ಬತ್ತಿ ಆರುತ್ತದಲ್ಲ, ಲುಮಿರ್ ನಿಂತಲ್ಲಿಂದಲೇ ಕೂಗಿದ.

“ಏನು ಬರೆದಿದೆ? ಯಾರಾದ್ರೂ ಓದ್ರಪ್ಪಾ!”

ವೊಂದ್ರಾ ಕನ್ನಡಕ ಏರಿಸಿ ಓದಿದ.

“‘ಲಿಬ್ಬಿ ಕುಚೇರಾಳದು. ಖಾಲಿಯಾದ ಮೇಲೆ ಮರೆಯದೆ ವಾಪಸು ಕೊಡಿ.’”